ಪೈಪಿನ ಬಾಯಿಗೆ ನಾನು ತುರುಕಿದ ಅರಿವೆ

ಮಗಳು ಮೊದಲ ಬಾಣಂತನಕ್ಕೆ ಬಂದಾಗ ಬೈರಿದೇವರಕೊಪ್ಪದ ನಮ್ಮ ಹೊಸ ಮನೆಯ ಗೃಹಪ್ರವೇಶವಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಹಿಂದಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆವು. ಬಾಣಂತಿಗೆ ಗಾಳಿ ಬಡಿಯಬಾರದಲ್ಲ, ನಾನು ಸೆರಗು ಸಿಕ್ಕಿಸಿ ನಿಂತೆ. ಕಿಟಕಿ ಮುಚ್ಚಿ ಒಳಗಿನಿಂದ ಕೌದಿ ಇಳಿಬಿಟ್ಟೆ. ಮೇಲಿನ ಬೆಳಕಿಂಡಿಗೆ ರಟ್ಟು ಬಡಿಸಿದೆ. ಮಗಳ ಎರಡೂ ಕಿವಿಗೆ ಹತ್ತಿ ಇಟ್ಟು ಮೇಲೊಂದು ಸ್ಕಾರ್ಫ್ ಬಿಗಿದೆ. ನನ್ನ ಅವ್ವ ನನಗೆ ಮಾಡಿದ್ದೂ ಇದನ್ನೇ, ನಾನೇನು ಸತ್ತೆನೇ?

ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಅಂಗಡಿಯ ಡೈಪರ್ ಬೇಡವೆಂದು ಹಟ ಹಿಡಿದವಳು ನಾನೇ. ಹಳೆಯ ಧೋತರ ಹರಿದು ರಾಶಿಗಟ್ಟಲೆ ಅರಿವೆ ಮಾಡಿಟ್ಟಿದ್ದೆ, ಆದರೆ ಒಂದೂ ಒಣಗಲಿಲ್ಲ. ಕಡೆಗೆ ನಮ್ಮ ಮನೆಯವರು ಬಟ್ಟೆ ಒಣಗಿಸುವ ಮಷಿನ್ನು, ಡ್ರೈಯರ್ ಅಂತಾರಲ್ಲ, ಅದನ್ನು ತಂದರು. ಬಾಣಂತಿ ಕೋಣೆಗೆ ಅಂಟಿಕೊಂಡೇ, ಆ ಕೋಣೆಯೊಳಗಿಂದಲೇ ಹೋಗುವ, ಬಾಗಿಲಿಲ್ಲದ ಬಟ್ಟೆ ಒಗೆಯುವ ಸಣ್ಣ ಜಾಗವಿತ್ತು. ಮಷಿನ್ನನ್ನು ಅಲ್ಲಿಟ್ಟು, ಬೆನ್ನಿಗೊಂದು ದಪ್ಪ ಪೈಪು ಜೋಡಿಸಿ, ಗೋಡೆ ಕೊರೆದು ಅದರ ಬಾಯನ್ನು ಹಿತ್ತಲಿಗೆ ಬಿಟ್ಟರು.

ಜೋಡಿಸಲು ಬಂದ ಹುಬ್ಬಳ್ಳಿಯ ಮೆಕ್ಯಾನಿಕ್ ಮಾತು ಕಡಿಮೆಯ ಮನುಷ್ಯ, ಆದರೆ ಅವತ್ತು ಎರಡೆರಡು ಸಲ ಹೇಳಿದ. ಪ್ರತಿ ಸಲ ಮಷಿನ್ನಿನೊಳಗಿನ ಜಾಳಿಗೆ ತೆಗೆದು ಅದಕ್ಕೆ ಹತ್ತಿದ ನೂಲಿನ ಧೂಳು ಬಳಿಯಬೇಕು, ಪೈಪು ಮಡಚಬಾರದು, ಎಲ್ಲರೂ ಮಲಗಿದಾಗ ಮಷಿನ್ನು ಹಚ್ಚಬಾರದು. ಹೋಗುವಾಗ ನನ್ನನ್ನು ಹಿತ್ತಲಿಗೆ ಕರೆದು ತೋರಿಸಿದ.

"ಅಕ್ಕಾರ, ಈ ಬಾಯಿ ಯಾವಾಗ್ಲೂ ತೆರದಿರಬೇಕ್ರಿ. ಒಳಗಿನ ಕಾವು ಹೊರಗ ಬರಾಕ ಇದೊಂದ ದಾರಿ ಐತ್ರಿ."

ಮೂವತ್ತು ವರ್ಷ ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟ ಬಾಯಿ ನನ್ನದು. ಯಾರಾದರೂ ನನಗೇ ಹೇಳಿಕೊಡಲು ಬಂದರೆ ಮೊದಲು ಸಿಟ್ಟು ಬರುತ್ತದೆ. ಹೂಂ ಹೂಂ ಎಂದು ತಲೆಯಾಡಿಸಿ ಕಳಿಸಿದೆ. ದೇವರ ಕೋಣೆ ಯಾವ ದಿಕ್ಕಿಗೆ ಬರಬೇಕೆಂದು ಮನೆ ಕಟ್ಟುವಾಗ ಮೂರು ಮಂದಿಯನ್ನು ಕೇಳಿ ಬಂದವಳು, ಈ ಪೈಪಿನ ವಿಷಯವನ್ನು ಒಂದೇ ಕಿವಿಯಲ್ಲಿ ಕೇಳಿದೆ.

ಎರಡು ದಿನಕ್ಕೆ ಗಾಳಿ ಜೋರಾಯಿತು. ಪೈಪಿನ ಬಾಯಿಯ ಮುಚ್ಚಳ ಪಟಪಟ ಬಡಿದುಕೊಳ್ಳತೊಡಗಿತು. ಒಳಗೆ ಹೋಗಿ ಮಷಿನ್ನಿನ ಹಿಂದೆ ಅಂಗೈ ಹಿಡಿದರೆ ತಣ್ಣನೆಯ ಗಾಳಿ! ಅಲ್ಲಿಂದ ಕೂಸಿನ ಹಾಸಿಗೆಗೆ ನಾಲ್ಕು ಹೆಜ್ಜೆಯೂ ಇಲ್ಲ. ನನಗೆ ತಡೆಯಲಾಗಲಿಲ್ಲ. ನನ್ನದೇ ಹಳೆಯ ಇಳಕಲ್ ಸೀರೆಯ ತುಂಡನ್ನು ಸುರುಳಿ ಸುತ್ತಿ, ಹಿತ್ತಲಿಗೆ ಹೋಗಿ, ಆ ಬಾಯಿಗೆ ಗಟ್ಟಿಯಾಗಿ ತುರುಕಿ ಬಂದೆ. ಯಾರಿಗೂ ಹೇಳಲಿಲ್ಲ. ಬಾಣಂತನದಲ್ಲಿ ಇಂಥ ನೂರು ಕೆಲಸಗಳಿರುತ್ತವೆ, ಯಾವುದನ್ನೆಂದು ಹೇಳುತ್ತ ಕೂಡುವುದು?

ಮರುದಿನದಿಂದಲೇ ಮಷಿನ್ನಿನ ವರಸೆ ಬದಲಾಯಿತು. ಒಂದು ತಾಸಿನ ಕೆಲಸಕ್ಕೆ ಎರಡು ತಾಸು ಹಿಡಿಯತೊಡಗಿತು. ಗೋಡೆಯೆಲ್ಲ ಬೆವರಿ ನೀರಿಳಿಯಿತು. "ಅವ್ವಾ, ಅರಿವಿ ಕೈ ಸುಡತಾವ, ಆದ್ರ ಒಣಗವಲ್ವು" ಎಂದು ಮಗಳು ಹೇಳಿದಾಗ ನಾನು ಮೆಕ್ಯಾನಿಕ್‌ಗೆ ಫೋನ್ ಹಚ್ಚಿ, ಖೊಟ್ಟಿ ಮಷಿನ್ನು ನಮ್ಮ ತಲೆಗೆ ಕಟ್ಟಿದೆಯಲ್ಲಪ್ಪಾ ಎಂದು ಚೆನ್ನಾಗಿ ಝಾಡಿಸಿದೆ. ಪೈಪಿನ ಬಾಯಿ ನೋಡಿರೇನ್ರಿ ಎಂದು ಅವನು ಕೇಳಿದ. ಎಲ್ಲ ನೋಡಿಯಾಗಿದೆ ಎಂದು ಫೋನ್ ಇಟ್ಟೆ. ಅದು ಸುಳ್ಳೆಂದು ಆಗ ನನಗೇ ಅನಿಸಲಿಲ್ಲ.

ಅದಾಗಿ ನಾಲ್ಕಾರು ದಿನಕ್ಕೆ ಮನೆಯವರು ಮನೆಯ ಖಾತೆಯ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದರು. ಹನ್ನೊಂದರ ಸುಮಾರಿಗೆ ಒದ್ದೆ ಅರಿವೆಯನ್ನು ಮಷಿನ್ನಿಗೆ ತುಂಬಿ ನಾನೇ ಗುಂಡಿ ಒತ್ತಿದೆ. ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಹಿಂದಿನ ದಿನ ಓಣಿಯ ಹೆಂಗಸರು ಹೇಳದೆ ಕೇಳದೆ ಒಳಗೆ ಬಂದಿದ್ದರಿಂದ, ನಾನು ಹೊರಗೆ ಬಂದ ಮೇಲೆ ಚಿಲಕ ಹಾಕಿಕೊಂಡು ಮಲಗಿದಳು.

ನಾನು ಅಡುಗೆಮನೆಯಲ್ಲಿ ಬಾಣಂತಿಗೆ ಕೊಡುವ ಅಂಟಿನುಂಡಿಗೆಂದು ತುಪ್ಪದಲ್ಲಿ ಅಂಟು ಕರಿಯುತ್ತಿದ್ದೆ. ಆ ಘಮದಲ್ಲಿ ಬೇರೆ ವಾಸನೆ ಮೂಗಿಗೆ ಹತ್ತಲಿಲ್ಲ. ಡಬ್ಬಿ ತರಲು ಪಡಸಾಲೆಗೆ ಬಂದಾಗ ಬಾಣಂತಿ ಕೋಣೆಯ ಬಾಗಿಲ ಮೇಲಿನ ಸಂದಿಯಿಂದ ತೆಳ್ಳಗೆ ಹೊಗೆ ಬರುವುದು ಕಂಡಿತು. ಲೋಬಾನದ ಹೊಗೆ ಎಂದುಕೊಂಡೆ. ಬಾಣಂತಿ ಮನೆಯಲ್ಲಿ ಹೊಗೆ ಕಂಡು ಯಾರು ಹೆದರುತ್ತಾರೆ? ಕೂಸಿಗೆ ನೀರೆರೆದ ಮೇಲೆ ದಿನಾ ಹಾಕುವುದೇ. ಡಬ್ಬಿ ತೆಗೆದುಕೊಂಡು ವಾಪಸು ಹೋಗಿ ಇನ್ನೊಂದು ಹಿಡಿ ಅಂಟು ಕರಿದೆ.

ಆಗ ಬಚ್ಚಲಿನ ಪಕ್ಕ ಲೋಬಾನದ ಬಟ್ಟಲು ಕಂಡಿತು. ಬೆಳಿಗ್ಗೆಯೇ ತೊಳೆದು ನಾನೇ ಬೋರಲಾಗಿ ಡಬ್ಬು ಹಾಕಿದ್ದೆ.

ಓಡಿಹೋಗಿ ಬಾಗಿಲು ಬಡಿದೆ, ಒದ್ದೆ, ಕೂಗಿದೆ. ಒಳಗೆ ಸಪ್ಪಳವೇ ಇಲ್ಲ. ಕಿವಿಯಲ್ಲಿ ಹತ್ತಿ, ಮೇಲೆ ಸ್ಕಾರ್ಫ್. ಅವಳಿಗೆ ಫೋನ್ ಮಾಡಿದರೆ ಗುರ್ ಎಂದು ಹೋಗುತ್ತಿತ್ತು, ಎತ್ತುವವರಿಲ್ಲ. ಕೂಸು ಎಚ್ಚರಾಗುತ್ತದೆಂದು ಆ ಫೋನಿನ ಸದ್ದನ್ನೂ ನಾನೇ ನಿಲ್ಲಿಸಿಟ್ಟಿದ್ದೆ. ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚು ಇಳಿಸಿ ಹಿತ್ತಲಿಗೆ ಓಡಿದೆ. ಪೈಪಿನ ಬಾಯಲ್ಲಿ ನನ್ನ ಸೀರೆ ಸುಟ್ಟು ಕಂದುಗಟ್ಟಿತ್ತು, ಅದರ ಸುತ್ತಲಿಂದ ಹೊಗೆ ತೂರುತ್ತಿತ್ತು. ಅದನ್ನು ನೋಡಿದ ಕ್ಷಣಕ್ಕೇ ಎಲ್ಲ ತಿಳಿಯಿತು. ಅಯ್ಯೋ ಶಿವನೇ, ನಾನೇ ಕೊಂದೆನಲ್ಲ ಎಂದುಕೊಂಡೆ.

ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಅಲ್ಲೇ ಬಿದ್ದಿದ್ದವು. ಒಂದನ್ನೆತ್ತಿ ಕಿಟಕಿಯ ಗಾಜಿಗೆ ಹಾಕಿದೆ. ಸರಳುಗಳ ನಡುವೆ ನನ್ನ ಕೈ ಮಾತ್ರ ಹೋಗುತ್ತಿತ್ತು. ಅರಿವೆ ಹರವುವ ಗಳ ತಂದು, ತೂರಿಸಿ, ಕೌದಿಯನ್ನು ಬದಿಗೆ ಸರಿಸಿದೆ. ಹೊಗೆ ಮುಖಕ್ಕೆ ರಾಚಿತು. ಮಂಚದ ಮೇಲೆ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಕೂಸು ಅವಳ ಮಗ್ಗುಲಲ್ಲಿ. ಗಳದಿಂದ ಅವಳ ಕಾಲಿಗೆ ತಿವಿದೆ. ಅಲುಗಲಿಲ್ಲ. ಇನ್ನೊಮ್ಮೆ ತಿವಿದೆ. ಮೂರನೆಯ ಸಲ ಹೊಡೆದೇಬಿಟ್ಟೆ, ಹಸಿ ಬಾಣಂತಿಯ ಕಾಲಿಗೆ, ಇದ್ದಬದ್ದ ಶಕ್ತಿಯಲ್ಲಿ.

ಕೆಮ್ಮುತ್ತ ಎದ್ದು ಕೂತಳು. ಕೂಸನ್ನು ಎತ್ತಿಕೊಂಡು ತಡವರಿಸುತ್ತ ಬಾಗಿಲ ಕಡೆ ಹೋದಳು. ನಾನು ಸುತ್ತು ಹಾಕಿ ಪಡಸಾಲೆಗೆ ಬರುವಷ್ಟರಲ್ಲಿ ಚಿಲಕ ತೆಗೆದಿದ್ದಳು. ಅವಳ ಕೈಯಿಂದ ಕೂಸನ್ನು ಕಸಿದುಕೊಂಡು ಅಂಗಳಕ್ಕೆ ಓಡಿದೆ. ಅದು ಅಳಲಿಲ್ಲ. ಮುಖದ ಮೇಲೆ ಮಳೆಹನಿ ಬಿದ್ದವು, ಆಗಲೂ ಅಳಲಿಲ್ಲ. ಬೆನ್ನು ತಿಕ್ಕಿದೆ, ಪಾದ ತಿಕ್ಕಿದೆ. ಆಮೇಲೆ ಒಂದು ಸಲ ಸೀನಿ, ತುಟಿ ಡೊಂಕು ಮಾಡಿ, ಕಿರ್ರೋ ಎಂದು ಅತ್ತಿತು. ನಾನು ತೊಯ್ಯುತ್ತ ಅಂಗಳದಲ್ಲೇ ಕುಸಿದು ಕೂತೆ.

ಸಂಜೆಯ ಹೊತ್ತಿಗೆ ಹೊಗೆ ಆರಿತ್ತು, ದವಾಖಾನೆಗೆ ಹೋಗಿ ಬಂದಾಗಿತ್ತು, ಇಬ್ಬರಿಗೂ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದ್ದರು. ಮನೆಯವರು ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಪೈಪು ಬಿಚ್ಚಿ ನೆಲಕ್ಕೆ ಬಡಿದ. ಕಪ್ಪಗೆ ಸುಟ್ಟ ನೂಲಿನ ಧೂಳು ಮೊರದ ತುಂಬ ಬಂತು. ಕಡೆಗೆ ಆ ಸೀರೆಯ ಸುರುಳಿ ಬಿತ್ತು. ಅರ್ಧ ಸುಟ್ಟಿತ್ತು, ಆದರೆ ದಡಿ ಉಳಿದಿತ್ತು. ಅವನು ದಡಿ ನೋಡಿದ, ನನ್ನನ್ನು ನೋಡಿದ, ಆಮೇಲೆ ನೆಲ ನೋಡುತ್ತ, "ಇಲಿ ಎಳಕೊಂಡ ಬಂದಿರಬೇಕ್ರಿ" ಎಂದ.

ಮನೆಯವರು ಇಲಿಯನ್ನೂ ಮನೆ ಕಟ್ಟಿದವನನ್ನೂ ಸೇರಿಸಿ ಬೈಯಲು ಶುರುಮಾಡಿದರು. ಮಗಳು ಬಾಗಿಲಲ್ಲಿ ಕೂಸನ್ನು ಹಿಡಿದು ನಿಂತಿದ್ದಳು. ನಾನು ಸುಮ್ಮನಿದ್ದರೆ ಸಾಕಿತ್ತು. ಫೋನಿನಲ್ಲಿ ನನ್ನಿಂದ ಬೈಸಿಕೊಂಡ ಮನುಷ್ಯ ನನ್ನ ಮಾನ ಉಳಿಸಲು ನಿಂತಿದ್ದ. ನಾಚಿಕೆಯಿಂದ ಸಾಯುವಂತಾಯಿತು.

"ಇಲಿ ಅಲ್ಲ. ಅದು ನನ್ನ ಸೀರಿ. ನಾನ ತುರುಕಿದ್ದು" ಎಂದೆ.

ಮೆಕ್ಯಾನಿಕ್ ಕುಕ್ಕರುಗಾಲಲ್ಲಿ ಕೂತು ಪೈಪು ಒರೆಸುತ್ತಲೇ ಇದ್ದ. ಮಗಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೆಲ್ಲಗೆ ತಿರುಗಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನೀರು ಕಾಸಿ, ಮಣೆ ಹಾಕಿ, ಕೂಸಿಗೆ ಎರೆಯಲು ಎಂದಿನಂತೆ ಅವಳ ಮುಂದೆ ಕೈ ಚಾಚಿದೆ. ಅವಳು ಕೂಸನ್ನು ಮುಂದೆ ತಂದಳು. ತಂದು, ಒಂದು ಗಳಿಗೆ ತನ್ನ ಕೈಯಲ್ಲೇ ತಡೆದು ಹಿಡಿದಳು. ಆಮೇಲೆ ಕೊಟ್ಟಳು, ಕೊಟ್ಟ ಮೇಲೆ ನಾನು ಎರೆದು ಮುಗಿಸುವವರೆಗೂ ಬಚ್ಚಲ ಬಾಗಿಲು ಬಿಟ್ಟು ಅಲುಗಲಿಲ್ಲ.