ಅಪ್ಪನ ಗಂಟಲಲ್ಲಿ ಚಿಕ್ಕಪ್ಪನನ್ನು ಕರೆದ ದಸರಾ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದು ಹೇಳುವುದು ಸಲೀಸು. ಆವತ್ತು ಬೆಳಿಗ್ಗೆ ನಾನು ಅಪ್ಪನ ದನಿ ತೆಗೆದು ಗೋಡೆಯಾಚೆಗೆ ಕೂಗಿದ್ದು ಹೆಚ್ಚೆಂದರೆ ಹತ್ತು ಹನ್ನೆರಡು ಮಾತು. ಅಷ್ಟಕ್ಕೇ ಒಂದು ಬ್ಯಾರನ್ ತುಂಬ ಹೊಗೆಸೊಪ್ಪು ಕಪ್ಪಾಗಿ ತಿಪ್ಪೆಗೆ ಹೋಗುವುದರಲ್ಲಿತ್ತು.

ಆಗ ನನಗೆ ಹದಿನೇಳು. ಪಿಯುಸಿ ಓದುತ್ತಿದ್ದೆ ಅಂತ ಹೇಳಬಹುದು, ಓದಿದ್ದಕ್ಕೆ ಸಾಕ್ಷಿ ಇಲ್ಲ. ಬರುತ್ತಿದ್ದ ವಿದ್ಯೆ ಒಂದೇ, ದನಿ ಕದಿಯುವುದು. ದನದ ಡಾಕ್ಟರು ಮೂಗಿನಿಂದ ಮಾತಾಡುವುದು, ಕಂಡಕ್ಟರು ‘ರೈಟ್’ ಅನ್ನುವಾಗ ಅರ್ಧ ನುಂಗಿಕೊಳ್ಳುವುದು, ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕೆಮ್ಮಿನಲ್ಲೇ ಪಾಠ ಮುಗಿಸುವುದು, ಎಲ್ಲಾ ಬರುತ್ತಿತ್ತು. ಹುಡುಗಿಯರೆದುರು ನನ್ನ ದನಿ ಒಡೆದ ಪೀಪಿಯಂತಾಗುತ್ತಿತ್ತಲ್ಲ, ಅದನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಬೇರೆಯವರು ಮಾಡಿದರೆ ಉರಿಯುತ್ತದೆ, ನೋಡಿ. ಅಪ್ಪನದು ಎಲ್ಲಕ್ಕಿಂತ ಸುಲಭ. ಮಾತಿಗೆ ಮುಂಚೆ ಗಂಟಲೊಳಗೆ ಒಂದು ಗೊರ್ರ್, ಕೊನೆಗೆ ‘ತಿಳೀತಾ?’.

ನಮ್ಮೂರು ರಾವಂದೂರು ಕಡೆ. ಮನೆಯ ಹಿಂದೆಯೇ ಬ್ಯಾರನ್ನು. ಎರಡಾಳೆತ್ತರದ ಕೋಣೆ, ಒಳಗೆ ಸಾಲುಸಾಲಾಗಿ ಕಡ್ಡಿಗೆ ಕಟ್ಟಿ ತೂಗುಬಿಟ್ಟ ಹಸಿ ಹೊಗೆಸೊಪ್ಪು. ಹೊರಗಿನ ಒಲೆಬಾಯಿಗೆ ಸೌದೆ ಇಟ್ಟರೆ ಕಬ್ಬಿಣದ ಕೊಳವೆಗಳಲ್ಲಿ ಕಾವು ಒಳಗೆಲ್ಲ ಸುತ್ತುತ್ತದೆ. ಐದಾರು ದಿನ ಹಗಲೂ ರಾತ್ರಿ ಆ ಕಾವನ್ನು ಹದವಾಗಿ ಏರಿಸುತ್ತಾ ಹೋಗಬೇಕು. ಮೂರನೇ ದಿನ ಸೊಪ್ಪಿಗೆ ಹಳದಿ ಬಣ್ಣ ನಿಲ್ಲುವ ಹೊತ್ತು. ಅವತ್ತು ಉರಿ ತಗ್ಗಿದರೆ ಸೊಪ್ಪು ಕಪ್ಪಗಾಗುತ್ತದೆ, ಮಾರ್ಕೆಟ್ಟಿನಲ್ಲಿ ಮೂಸಿಯೂ ನೋಡುವುದಿಲ್ಲ. ಉರಿ ಹೆಚ್ಚಿ ಒಂದು ಎಲೆ ಉದುರಿ ಕೊಳವೆಯ ಮೇಲೆ ಬಿತ್ತೋ, ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಒಲೆಬಾಯಿ ಕಾಯುವವನು ಕೂತ ಜಾಗ ಬಿಟ್ಟು ಏಳುವಂತಿಲ್ಲ. ಹೇಳುವುದಿದ್ದರೆ ಮನೆಯವರು ಗೋಡೆಯ ಈಚೆಯಿಂದಲೇ ಕೂಗಬೇಕು. ಅವನು ಆಚೆಯಿಂದ ‘ಆ’ ಅನ್ನಬೇಕು. ಮುಖ ನೋಡಿ ಮಾತಾಡುವ ಪದ್ಧತಿಯೇ ಇರಲಿಲ್ಲ.

ಒಲೆಬಾಯಿ ಕಾಯುವವನು ಅಂದರೆ ನಮ್ಮ ಚಿಕ್ಕಪ್ಪ. ಮದುವೆ ಆಗಿರಲಿಲ್ಲ. ಅಪ್ಪನೆದುರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ದಸರಾಕ್ಕೆ ಮೈಸೂರಿನ ವಸ್ತುಪ್ರದರ್ಶನಕ್ಕೆ ನಾವು ಪ್ರತಿ ವರ್ಷ ಹೋಗುತ್ತಿದ್ದೆವು. ಪ್ರತಿ ವರ್ಷವೂ ಒಂದು ಬ್ಯಾರನ್ ಉರಿಯುತ್ತಿರುತ್ತಿತ್ತು. ಪ್ರತಿ ವರ್ಷವೂ ಉಳಿಯುತ್ತಿದ್ದವನು ಅವನೇ. ನಾವು ವಾಪಸು ಬಂದ ಮೇಲೆ ನನ್ನನ್ನು ಒಲೆಬಾಯಿಯ ಹತ್ತಿರ ಕೂರಿಸಿಕೊಂಡು ಎಲ್ಲಾ ಕೇಳುತ್ತಿದ್ದ. “ಆ ದೊಡ್ಡ ರಾಟೆ ತುದೀಗೆ ಓದ್ರೆ ಅರಮನೆ ಕಾಣುಸ್ತದಂತಲ್ಲ, ದಿಟುವೇನ್ಲಾ?” ನಾನು ರಾಟೆಯವನ ದನಿ, ಹಪ್ಪಳದವನ ದನಿ, ಮೈಕಿನಲ್ಲಿ ಕಳೆದುಹೋದ ಮಕ್ಕಳ ಹೆಸರು ಓದುವವಳ ದನಿ, ಎಲ್ಲಾ ತೆಗೆದು ಅವನಿಗೆ ಪ್ರದರ್ಶನ ತೋರಿಸುತ್ತಿದ್ದೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಾ, ನಡುನಡುವೆ ಸೌದೆ ಮುಂದಕ್ಕೆ ತಳ್ಳುತ್ತಿದ್ದ.

ಆ ವರ್ಷ ನಾವು ಹೊರಡುವ ದಿನ ಸರಿಯಾಗಿ ಮೂರನೇ ದಿನವೇ ಬಂತು. ಅಮ್ಮ ಚಿತ್ರಾನ್ನ ಕಟ್ಟುತ್ತಿದ್ದಳು. ಬಸ್ಸಿನ ಪಯಣ ಆಗದೆ ಮನೆಯಲ್ಲೇ ಉಳಿಯುವ ಅಜ್ಜಿ ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು. ಅಪ್ಪ ಬಸ್ಸಿಗೆ ಎಂದು ಮುಂದೆ ರಸ್ತೆಗೆ ಹೋಗಿದ್ದ. ನಾನು ಗೋಡೆಯ ಪಕ್ಕ ನಿಂತೆ. ತಂಗಿ ನನ್ನ ಮುಖ ನೋಡಿ ಆಗಲೇ ಬಾಯಿಗೆ ಲಂಗ ಅಡ್ಡ ಹಿಡಿದಳು.

ಗೊರ್ರ್. “ಲೋ, ಪಕ್ಕದ ಮನೆಯೋನ್ಗೆ ಏಳಿವ್ನಿ, ಉರಿ ಅವ್ನು ನೋಡ್ಕತಾನೆ. ನೀನೂ ಬಾರ್ಲಾ ಮೈಸೂರ್ಗೆ. ತಿಳೀತಾ?”

ಆಚೆ ಸೌದೆಯೊಂದು ಕೈಜಾರಿ ಬಿದ್ದ ಸದ್ದು. ಆಮೇಲೆ, “ನಾನಾ ಅಣ್ಣ?”

“ಹ್ಞೂಂ.”

ನನ್ನ ಲೆಕ್ಕ ಇಷ್ಟೇ: ಅವನು ಇಸ್ತ್ರಿ ಅಂಗಿ ಹಾಕಿಕೊಂಡು ರಸ್ತೆಗೆ ಓಡಿ ಬರುತ್ತಾನೆ, ಅಪ್ಪ ಬಾಯಿ ಬಿಡುತ್ತಾನೆ, ನಾನು ನಗುತ್ತೇನೆ, ಅವನೂ ನಗುತ್ತಾನೆ, ವಾಪಸು ಹೋಗುತ್ತಾನೆ. ಆದರೆ ಯಾವತ್ತೂ ತಡವಾಗಿ ಬರುವ ಬಸ್ಸು ಅವತ್ತು ಮೊದಲೇ ಬಂದು ಹಾರನ್ ಹೊಡೆಯಿತು. ಅಮ್ಮ ಕ್ಯಾರಿಯರ್ ಎತ್ತಿಕೊಂಡು ಓಡಿದಳು, ನಾವೂ ಓಡಿದೆವು. ಹತ್ತಿದ್ದೇ ತಡ, ಬಸ್ಸು ಹೊರಟಿತು.

ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ರಸ್ತೆಯಲ್ಲಿ ಯಾರೂ ಇಲ್ಲ. ಬಸ್ಸು ಹೋಗಿದ್ದು ನೋಡಿ ಹಿಂದಕ್ಕೆ ಹೋಗಿರುತ್ತಾನೆ ಬುಡು, ಅಂದುಕೊಂಡೆ. ಪಿರಿಯಾಪಟ್ಟಣದವರೆಗೂ ಅದನ್ನೇ ಅಂದುಕೊಂಡೆ. ಅಲ್ಲಿ ಮೈಸೂರು ಬಸ್ಸು ಹತ್ತುವಾಗ ತಂಗಿ ಕಿವಿಯಲ್ಲಿ, “ಮುಂದಿನ ಬಸ್ಸು ಅರ್ಧ ಗಂಟೆಗೇ ಐತೆ ಕಣೋ” ಅಂದಳು. ಅವತ್ತಿನ ನನ್ನ ಹಸಿವು ಅಲ್ಲಿಗೆ ಮುಗಿಯಿತು.

ಆಗಲೇ ಅಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪನ ಕೈ ನನಗೆ ಗೊತ್ತಿತ್ತು, ಬಸ್ಸು ಪೂರ್ತಿ ತುಂಬಿತ್ತು, ನನ್ನ ಕ್ಲಾಸಿನ ಹುಡುಗಿಯೊಬ್ಬಳು ಮುಂದಿನ ಸೀಟಿನಲ್ಲಿದ್ದಳು. ಕಾರಣ ಕೇಳಿದರೆ ಇಷ್ಟೇ. ನಾಚಿಕೆಗೇಡು, ಆದರೆ ಇಷ್ಟೇ.

ವಸ್ತುಪ್ರದರ್ಶನದಲ್ಲಿ ಅಪ್ಪನ ಕಾನೂನು ಪ್ರತಿ ವರ್ಷದ್ದೇ. ತಲೆಗೆ ಒಂದೇ ಖುಷಿ. ರಾಟೆಯೋ ಬಜ್ಜಿಯೋ, ಎರಡೂ ಇಲ್ಲ. ಊಟ ಮನೆಯದು, ನೀರು ಮನೆಯದು. ಟಿಕೆಟ್ ಕೌಂಟರಿನಲ್ಲಿ ತಂಗಿ ಮೊಣಕಾಲು ಬಗ್ಗಿಸಿ ಕುಳ್ಳಿಯಾಗಬೇಕು. “ಎಷ್ಟು ವರ್ಷ?” ಅಂದರೆ, “ಎಂಟು ಬುಟ್ಟು ಒಂಬತ್ತು ಸಾ” ಅಂತ ಅಪ್ಪನೇ ಹೇಳುತ್ತಿದ್ದ. ಆ ಒಂಬತ್ತು ನಾಲ್ಕು ವರ್ಷದಿಂದ ಹತ್ತಾಗಿರಲಿಲ್ಲ. ಒಳಗೆ ಹೋದರೆ ದುಡ್ಡು ಕೇಳದ ಮಳಿಗೆಗಳೇ ಮೊದಲು: ಆರೋಗ್ಯದ್ದು, ಅರಣ್ಯದ್ದು, ಬೇಸಾಯದ್ದು. ಅಪ್ಪ ಎಲ್ಲಾ ಕಡೆ ಕೈಚಾಚಿ ಚೀಟಿ ಇಸಕೊಳ್ಳುತ್ತಾ, ಅಲ್ಲಿ ಕೂತವರಿಗೇ ಬೇಸಾಯ ಹೇಳಿಕೊಡುತ್ತಾ ನಡೆಯುತ್ತಿದ್ದ. ಬೇರೆ ವರ್ಷವಾಗಿದ್ದರೆ ನಾನು ಹಿಂದೆಯೇ ಅದನ್ನು ನಕಲು ಮಾಡುತ್ತಾ ಹೋಗುತ್ತಿದ್ದೆ.

ಅವತ್ತು ಒಂದು ಮಳಿಗೆಯಲ್ಲಿ ಮಾದರಿ ಹಳ್ಳಿ ಮಾಡಿಟ್ಟಿದ್ದರು. ಮಣ್ಣಿನ ಮನೆ, ಪಾಚಿಯ ಗದ್ದೆ, ಬೆಂಕಿಪೊಟ್ಟಣದಷ್ಟು ಬ್ಯಾರನ್ನು. ಅದರ ಒಲೆಬಾಯಿಗೆ ಸಣ್ಣ ಕೆಂಪು ಬಲ್ಬು. ಬಲ್ಬು ಹತ್ತಿಕೊಳ್ಳುತ್ತಿತ್ತು, ಆರುತ್ತಿತ್ತು. ಆರಿದಾಗಲೆಲ್ಲ, ಮತ್ತೆ ಹತ್ತುವುದನ್ನೇ ಕಾಯುತ್ತಾ ನಾನು ಅಲ್ಲೇ ನಿಲ್ಲುತ್ತಿದ್ದೆ.

“ಯಾಕ್ಲಾ, ಬಾಯಿಗೆ ಬೀಗ ಬಿದ್ದದೆ?” ಅಮ್ಮ ಹಣೆ ಮುಟ್ಟಿ ನೋಡಿದಳು. “ಇವ್ನು ಇಷ್ಟೊತ್ತು ಸುಮ್ಕಿದ್ರೆ ಜ್ವರವೇ ಕಣ್ರೀ.”

“ನಿಂಗೇನ್ಲಾ ಬೇಕು, ರಾಟೆಯೋ ಬಜ್ಜಿಯೋ?” ಅಪ್ಪ ಕೇಳಿದ.

“ಏನೂ ಬ್ಯಾಡ.”

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಖುಷಿಯಾದಂತಿತ್ತು, ಅನುಮಾನವೂ ಬಂದಂತಿತ್ತು.

ಮಧ್ಯಾಹ್ನ ಚಿತ್ರಾನ್ನ ಮುಗಿಸಿ ದೊಡ್ಡ ರಾಟೆಯ ಕಡೆ ಬಂದೆವು. ತಂಗಿ ರಾಟೆ ಆರಿಸಿಕೊಂಡಿದ್ದಳು. ಆಗ ಕಂಡಿತು, ಜನರ ತಲೆಗಳ ಮೇಲೆ ಒಂದು ಭಾರಿ ಹಪ್ಪಳ. ಮೊರದಷ್ಟಗಲ, ಮೇಲೆ ಕೆಂಪಗೆ ಖಾರದಪುಡಿ. ಎರಡು ಕೈಗಳು ಅದನ್ನು ಎತ್ತಿ ಹಿಡಿದಿದ್ದವು, ಯಾರಿಗೂ ತಾಗಿ ಮುರಿಯದಂತೆ ಅಡ್ಡಡ್ಡ ಸರಿಯುತ್ತಾ ಅದು ನಮ್ಮ ಕಡೆಯೇ ಬರುತ್ತಿತ್ತು. ಹಪ್ಪಳದ ಹಿಂದೆ ಚಿಕ್ಕಪ್ಪ. ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮುಖ ತುಂಬ ನಗು.

“ಅಣ್ಣ! ಎಷ್ಟೊತ್ನಿಂದ ಉಡುಕ್ತಿವ್ನಿ! ರಾಟೆ ತವ ಬಂದೇ ಬತ್ತೀರಿ ಅಂತ ಇಲ್ಲೇ ನಿಂತಿದ್ದೆ. ನೀವು ಬರ್ಲಿ ಅಂತ ನಾ ಹತ್ನಿಲ್ಲ.”

ಅಪ್ಪನ ಕೈಯಲ್ಲಿದ್ದ ಚೀಟಿಗಳು ಕೆಳಗೆ ಬಿದ್ದವು. “ಬ್ಯಾರನ್ ತವ ಯಾರವ್ರೆ?”

“ನೀನೇ ಅಂದ್ಯಲ್ಲಣ್ಣ, ಪಕ್ಕದ ಮನೆಯೋನು ನೋಡ್ಕತಾನೆ ಅಂತ. ನಂಗಂತೂ ನಂಬಕ್ಕೇ ಆಗ್ನಿಲ್ಲ. ಒಲೆ ತುಂಬ ಸೌದೆ ಒಟ್ಟಿ ಬಂದೆ.”

“ನಾನಾ? ಯಾವಾಗ್ಲಾ ಅಂದೆ?”

ಚಿಕ್ಕಪ್ಪನ ನಗು ಮುಖದಲ್ಲೇ ನಿಂತುಹೋಯಿತು, ಮುಂದೆ ಏನು ಮಾಡಬೇಕೆಂದು ಅದಕ್ಕೇ ತಿಳಿಯದ ಹಾಗೆ. ಮೇಲೆ ರಾಟೆಯಲ್ಲಿ ಯಾರೋ ಕಿರುಚುತ್ತಿದ್ದರು. ಅಪ್ಪ ಗೇಟಿನ ಕಡೆ ಹೊರಟ. ನಡಿಗೆಯಲ್ಲ, ಓಟ.

ಗೇಟಿನಾಚೆ ಎಸ್‌ಟಿಡಿ ಬೂತಿತ್ತು. ನಮ್ಮೂರಿನಲ್ಲಿ ಆಗ ಫೋನಿದ್ದದ್ದು ಹಾಲಿನ ಡೈರಿಯಲ್ಲಿ ಮಾತ್ರ. ರಿಂಗಾಯಿತು, ಎತ್ತುವವರಿಲ್ಲ. ಅಪ್ಪ ಮತ್ತೆ ಒತ್ತಿಸಿದ. ಮತ್ತೆ. ಬೂತಿನವನು ಕೇಳಿದಷ್ಟು ಕೊಟ್ಟ, ಚಿಲ್ಲರೆಗೂ ನಿಲ್ಲಲಿಲ್ಲ. ಆಮೇಲೆ ಬಸ್‌ಸ್ಟ್ಯಾಂಡಿಗೆ ಆಟೋ ಕರೆದ. ಎದ್ದು ನಡೆದರೆ ಹತ್ತು ನಿಮಿಷದ ದಾರಿ. ಅಪ್ಪ ಆಟೋ ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಕೊಡಬೇಕು ಅಂತಲೂ ಕೇಳದೆ ಹತ್ತಿದ. ನಾವು ಐದು ಜನ ಒಬ್ಬರ ಮೇಲೊಬ್ಬರು, ಚಿಕ್ಕಪ್ಪನ ತೊಡೆಯ ಮೇಲೆ ಹಪ್ಪಳ ಎರಡು ತುಂಡಾಯಿತು.

ಪಿರಿಯಾಪಟ್ಟಣದ ಬಸ್ಸು ಸಿಕ್ಕಿತು. ಬಿಳಿಕೆರೆ ದಾಟಿದರೂ ಅಪ್ಪ ಎದ್ದು ನಿಂತುಕೊಂಡೇ ಇದ್ದ, ಹಾಗೆ ನಿಂತರೆ ಬಸ್ಸು ಬೇಗ ಹೋಗುತ್ತದೆ ಎಂಬಂತೆ. ಅಮ್ಮ ಒಂದೇ ಸಲ, “ಅತ್ತೆ ಒಬ್ರೇ ಅವ್ರೆ. ಆರೋಯ್ತದೆ ಅಂತ ಒಲೆ ತವ ಏನಾದ್ರೂ ಓದ್ರೆ?” ಅಂದಳು. ಅದುವರೆಗೆ ನಾನು ಸೊಪ್ಪಿನ ಯೋಚನೆಯಲ್ಲೇ ಇದ್ದೆ. ಕಣ್ಣು ಮಂಜಾದ ಅಜ್ಜಿ, ಅಷ್ಟುದ್ದದ ಸೌದೆಗಳು, ಒಲೆಬಾಯಿಯಿಂದ ನುಗ್ಗುವ ಜ್ವಾಲೆ. ಅದು ಕಣ್ಣಿಗೆ ಬಂದಿದ್ದೇ ಆಗ.

ಹುಣಸೂರಿನಲ್ಲಿ ಡ್ರೈವರು ಟೀ ಕುಡಿಯಲು ಇಳಿದ. ಅಪ್ಪನೂ ಇಳಿದು ಅವನ ಹಿಂದೆಯೇ ಹೋಗಿ ನಿಂತ. ತಂಗಿ ನನ್ನ ತೋಳು ಚಿವುಟಿ, “ನೀ ಏಳ್ತೀಯೋ ನಾ ಏಳ್ಲೋ?” ಅಂದಳು.

ಅಪ್ಪ ಮತ್ತೆ ಹತ್ತಿದಾಗ ಹೇಳಿದೆ. “ಅಪ್ಪ, ಅದು ನೀನಲ್ಲ, ನಾನು ಕೂಗಿದ್ದು. ನಿನ್ ದನೀಲಿ.”

ಹೊಡೆತಕ್ಕೆ ಕೆನ್ನೆ ಸಿದ್ಧ ಮಾಡಿಕೊಂಡಿದ್ದೆ. ಅಪ್ಪ ಹೊಡೆಯಲಿಲ್ಲ. “ಮನೇಗ್ ನಡಿ” ಅಂದ. ಅದಕ್ಕಿಂತ ಹೊಡೆತವೇ ವಾಸಿಯಿತ್ತು. ಹಿಂದಿನ ಸೀಟಿನಲ್ಲಿ ಚಿಕ್ಕಪ್ಪನಿಗೂ ಕೇಳಿಸಿತ್ತು. ಅವನು ಹಪ್ಪಳದ ತುಂಡುಗಳನ್ನು ಪೇಪರಿನಲ್ಲಿ ಸುತ್ತಿ, ಒಂದೊಂದು ಮೂಲೆಯನ್ನೂ ಮಡಿಸಿ, ಪಕ್ಕದಲ್ಲಿಟ್ಟು, ಕಿಟಕಿಯಾಚೆ ನೋಡುತ್ತಾ ಕೂತ. ಅಣ್ಣ ತನ್ನನ್ನು ಕರೆದೇ ಇರಲಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. ನಾನು ಕಪ್ಪು ಮಾಡಿದ್ದು ಬರೀ ಸೊಪ್ಪನ್ನಲ್ಲ ಎಂದು ನನಗೂ ಆಗಲೇ ತಿಳಿಯಿತು.

ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿ, ಊರಿನ ತಿರುವಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಅಲ್ಲಿಂದ ನಮ್ಮ ಬ್ಯಾರನ್ನಿನ ಚಿಮಣಿ ಕಾಣುತ್ತದೆ. ನಾವೆಲ್ಲ ತಲೆಯೆತ್ತಿ ನೋಡಿದೆವು. ಹೊಗೆ ಇಲ್ಲದಿದ್ದರೆ ಸೊಪ್ಪು ಹೋದಂತೆ. ಕಪ್ಪಗೆ ದಟ್ಟವಾಗಿದ್ದರೆ ಬ್ಯಾರನ್ನೇ ಹೋದಂತೆ. ಬರುತ್ತಿದ್ದದ್ದು ತೆಳ್ಳಗೆ, ಬೂದು ಬಣ್ಣದ, ಒಂದೇ ಸಮನೆ ಏಳುವ ಹೊಗೆ. ಯಾರೋ ಕಾಯುತ್ತಿದ್ದಾರೆ ಅನ್ನುವಂಥ ಹೊಗೆ. ಆದರೂ ಅಪ್ಪ ಓಡಿದ.

ಒಲೆಬಾಯಿಯ ಮುಂದೆ ಅಜ್ಜಿ ಕಾಲು ಚಾಚಿ ಕೂತಿದ್ದಳು. ಸೆರಗಿಗೆಲ್ಲ ಬೂದಿ, ಮುಂಗೈ ಮೇಲೆ ಒಂದು ಬೊಬ್ಬೆ. ಪಕ್ಕದಲ್ಲಿ ಅಲಸಂದೆಕಾಯಿಯ ಮೊರ. ಅಪ್ಪ ಕದ ಅರೆಬರೆ ತೆಗೆದು ಒಳಗಿನ ಥರ್ಮಾಮೀಟರಿನ ಮೇಲೆ ಬ್ಯಾಟರಿ ಬೆಳಕು ಬಿಟ್ಟ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದ. ಹಳದಿ. ತಿರುಗಿಸಿ ನೋಡಿದ. ಹಳದಿಯೇ.

“ಆ ಗಾಜಿನ ಕಡ್ಡಿ ನಂಗ್ ಓದಕ್ ಬರಾಕಿಲ್ಲ” ಅಂದಳು ಅಜ್ಜಿ. “ಕದಕ್ಕೆ ಕೈ ಮಡಗಿ ನೋಡ್ಕತಿದ್ದೆ. ಸುಟ್ರೆ ಸೌದೆ ಎಳ್ದೆ, ತಣ್ಗಾದ್ರೆ ತಳ್ಳಿದೆ.”

ಸೊಪ್ಪು ಉಳಿದದ್ದು ಖಾತ್ರಿಯಾದ ಮೇಲೆಯೇ ಅಪ್ಪನಿಗೆ ಸಿಟ್ಟು ಪೂರ್ತಿ ಬಂದದ್ದು. ಸೌದೆಯೊಂದನ್ನು ಕೈಗೆತ್ತಿಕೊಂಡ. ನಾನು ಗೋಡೆಗೆ ಅಂಟಿಕೊಂಡೆ. ಚಿಕ್ಕಪ್ಪ ಬಂದು ನನ್ನ ಮುಂದೆ ನಿಂತ. ಅದು ಅಪ್ಪನಿಗೆ ಇನ್ನೂ ಉರಿಯಿತು.

“ನಿಂಗಾರ ಬುದ್ಧಿ ಬ್ಯಾಡ್ವೇನ್ಲಾ? ಹುಟ್ಟಿದಾಗಿಂದ ಕೇಳ್ತಿದೀಯ, ನನ್ ದನಿ ಯಾವ್ದು ಈ ಕಪೀದು ಯಾವ್ದು ಗೊತ್ತಾಗಾಕಿಲ್ವಾ?” ಅಷ್ಟಕ್ಕೇ ನಿಲ್ಲದೆ ಅಜ್ಜಿಯ ಕಡೆ ತಿರುಗಿದ. “ನೀನು ಜಗಲೀಲೇ ಇದ್ದೆಯಲ್ಲವ್ವ, ನಿಂಗೂ ತಿಳೀನಿಲ್ವಾ?”

“ತಿಳೀತು.”

“ತಿಳಿದೂ ಇವನ್ನ ಓಗಕ್ಕೆ ಬುಟ್ಯಾ? ಯಾಕವ್ವ ತಡೀನಿಲ್ಲ?”

ಅಜ್ಜಿ ಒಂದು ಸೌದೆ ಒಳಕ್ಕೆ ತಳ್ಳಿ, ಕೈ ಕೊಡವಿಕೊಂಡು, ಅಪ್ಪನ ಮುಖ ನೋಡಿ ಹೇಳಿದಳು:

“ದನಿ ನಿಂದೇ ಕಣಪ್ಪ, ಮಾತು ನಿಂದಲ್ಲ ಅಂತ ಅವಾಗ್ಲೇ ತಿಳೀತು. ಒಡಹುಟ್ಟಿದೋನ್ನ ‘ನೀನೂ ಬಾರ್ಲಾ’ ಅಂತ ಒಂದು ದಿನ ನೀ ಕರದೋನಾ? ಎಂಗೋ ಯಾರೋ ಕರದ್ರಲ್ಲ, ಓಗ್ಲಿ ಅಂತ ಬುಟ್ಟೆ.”