ಗುಡಿಸದೆ ಇಟ್ಟ ಮನೆ

ಯುದ್ಧಗಳು ಮನುಕುಲದ ನಡೆಯನ್ನೇ ಬದಲಿಸುತ್ತವೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಹೆಡತಲೆಯ ನಮ್ಮ ಮನೆಯಲ್ಲಿ ಕಾರ್ಗಿಲ್ ಯುದ್ಧ ಬದಲಿಸಿದ್ದು ಕಸ ಗುಡಿಸುವ ಪದ್ಧತಿಯನ್ನು. ಈಗಲೂ ಯಾರಾದರೂ ಒಣನೆಲಕ್ಕೆ ನೀರು ಚಿಮುಕಿಸಿದರೆ, ಆ ಧೂಳಿನ ವಾಸನೆ ಮೂಗಿಗೆ ಬಿದ್ದೊಡನೆ ನಾನು ಒಂಬತ್ತು ವರ್ಷದವಳಾಗಿಬಿಡುತ್ತೇನೆ. ತೊಟ್ಟಿಗೆ ಇಳಿಯುವ ಬಿಸಿಲು, ರಾಗಿ ಮೂಟೆಗಳ ಬಿಸುಪು, ಕಂಬಕ್ಕೊರಗಿ ಎಲೆಅಡಿಕೆ ಕುಟ್ಟುವ ಅಜ್ಜಿ, ಎಲ್ಲ ಇದ್ದಲ್ಲೇ ಇರುತ್ತವೆ. ನಿಮ್ಮ ಬಾಲ್ಯದ ಮನೆಯೂ ಇಂಥದೇ ಯಾವುದೋ ವಾಸನೆಯೊಳಗೆ ಬಾಡಿಗೆಗೆ ಇರಬೇಕು.

ಚಿಕ್ಕಪ್ಪ ಮಹದೇವ ಪ್ಯಾರಾ ಕಮಾಂಡೋ. ಅಂದರೆ ವಿಮಾನದಿಂದ ಧುಮುಕುವ, ಹಗ್ಗ ಹಿಡಿದು ಬಂಡೆ ಹತ್ತುವ, ಮಾಡಿದ್ದನ್ನು ಮನೆಯಲ್ಲಿ ಹೇಳದ ಸಿಪಾಯಿ. ಪ್ಯಾರಾಚೂಟಿನ ವಿವರ ಕೇಳಿದ ಅಜ್ಜಿ, “ಇಳಿಯಾಕೆ ಏಣಿ ಇಲ್ವೇನ್ಲಾ ಆ ಇಮಾನಕ್ಕೆ?” ಎಂದಿದ್ದಳು. “ಐತೆ ಕಣವ್ವ, ಆಫೀಸರ್‌ಗಳ್ಗೆ,” ಎಂದ ಚಿಕ್ಕಪ್ಪ. ಅಜ್ಜಿ ನಂಬಿದಳು. ಸರ್ಕಾರದ ಬಗ್ಗೆ ಅವಳಿಗಿದ್ದ ಅಭಿಪ್ರಾಯಕ್ಕೆ ಅದು ಚೆನ್ನಾಗಿ ಹೊಂದುತ್ತಿತ್ತು.

ನಮ್ಮ ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ ಅವರು ತಲುಪುವವರೆಗೆ ಕಸ ಗುಡಿಸುವಂತಿರಲಿಲ್ಲ. ಗುಡಿಸಿದರೆ ಹೋದವರನ್ನೇ ಗುಡಿಸಿ ಹಾಕಿದಂತೆ. ನಂಜನಗೂಡಿಗೆ ಹೋದವರ ಮಟ್ಟಿಗೆ ಇದು ಒಂದು ಗಂಟೆಯ ವ್ರತ. ಚಿಕ್ಕಪ್ಪ ರಜೆ ಮುಗಿಸಿ ಹೊರಟರೆ ನಾಲ್ಕು ದಿನ. ಐದನೆಯ ದಿನ ಊರಿನ ಫೋನ್ ಬೂತಿಗೆ ಅವನ ಕರೆ ಬರುತ್ತಿತ್ತು, ಪೊರಕೆಗೆ ಬಿಡುಗಡೆಯಾಗುತ್ತಿತ್ತು. ಆ ಬೇಸಿಗೆಯಲ್ಲಿ ರಜೆ ಅರ್ಧಕ್ಕೇ ರದ್ದಾಗಿ ತಂತಿ ಬಂತು. ಅವನು ಹೋದ. ಕರೆ ಬರಲಿಲ್ಲ. ಹತ್ತು ದಿನವಾಯಿತು, ಇಪ್ಪತ್ತಾಯಿತು. ನನ್ನ ಅವ್ವ ಮೇಲ್ಮನವಿ ಸಲ್ಲಿಸಿದಳು. ಕೊಟ್ಟಿಗೆ ಗುಡಿಸಬಹುದೆಂದು ಅಜ್ಜಿ ತೀರ್ಪಿತ್ತಳು, ದನಗಳು ಯಾರನ್ನೂ ಯುದ್ಧಕ್ಕೆ ಕಳಿಸಿಲ್ಲವಾದ್ದರಿಂದ. ಅಡುಗೆಮನೆಯನ್ನು ಒದ್ದೆಬಟ್ಟೆಯಿಂದ ಒರೆಸಬಹುದು, ಒರೆಸುವುದು ಗುಡಿಸುವುದಲ್ಲವಾದ್ದರಿಂದ. ಉಳಿದ ಕಡೆ ಧೂಳಿನಲ್ಲಿ ನಮ್ಮೆಲ್ಲರ ಹೆಜ್ಜೆಗಳು, ಕೋಳಿಯದೂ ಸೇರಿ, ಸ್ಪಷ್ಟವಾಗಿ ಮೂಡಿದ್ದವು. ನಡುವೆ ಒಂದು ಕಾಗದ ಬಂತು: ಚೆನ್ನಾಗಿದ್ದೇನೆ, ಮುಂದಕ್ಕೆ ಹೋಗುತ್ತಿದ್ದೇವೆ. ಅವ್ವ ಆಸೆಯಿಂದ ಪೊರಕೆ ಎತ್ತಿದಳು. “ಓಗ್ತಾವ್ನಂತೆ. ಓಗಿ ಸೇರ್ದೆ ಅಂತ ಎಲ್ಲಿ ಬರ್ದವ್ನೆ, ತೋರ್ಸು,” ಎಂದಳು ಅಜ್ಜಿ. ಪೊರಕೆ ಮೂಲೆಗೆ ಮರಳಿತು. ಸಂಜೆ ರೇಡಿಯೋದವರು ಯಾವುದೋ ಬೆಟ್ಟದ ಹೆಸರು ಹೇಳುವಾಗ ಅವಳ ಕುಟ್ಟಾಣಿ ಮಾತ್ರ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ನಾನು ನಡುಮನೆಯ ಮೂಲೆಯಲ್ಲಿ ಹುರಿಗಡಲೆ ಕದಿಯಲು ಹೋಗಿ ಡಬ್ಬಿ ಉರುಳಿಸಿದೆ. ಸಾಕ್ಷ್ಯನಾಶಕ್ಕೆಂದು ಆ ಮೂಲೆಯನ್ನು ಸರಸರನೆ ಗುಡಿಸಿ ತಿಪ್ಪೆಗೆ ಎಸೆದ ಮೇಲೆ ನೆನಪಾಯಿತು. ಚಿಕ್ಕಪ್ಪ ಬಂಡೆಯಿಂದ ಉರುಳುವುದು ಕಣ್ಣಿಗೇ ಕಂಡಿತು. ತಿಪ್ಪೆಯ ಪಕ್ಕ ಕೂತು ಅಳುತ್ತಿದ್ದವಳನ್ನು ಅಜ್ಜಿ ಹುಡುಕಿಕೊಂಡು ಬಂದಳು.

“ಯಾಕಮ್ಮಿ ಇಲ್ಲಿ ಕುಂತಿದ್ದೀ?”

“ಗುಡಿಸ್ಬುಟ್ಟೆ ಅಜ್ಜಿ. ಚಿಕ್ಕಪ್ಪ ಸತ್ತೋಗ್ತಾನೆ.”

ಅವಳು ತಿಪ್ಪೆಯನ್ನು ನೋಡಿದಳು. “ಎಷ್ಟು ಗುಡಿಸ್ದೆ?”

“ಒಂದ್ ಮೂಲೆ.”

“ಓಗಿ ಮೊರ ತಕ್ಕೊಂಡ್ ಬಾ.”

ಮೊರದ ತುಂಬ ಕಸ ಬಾಚಿಕೊಂಡು ಒಳಗೆ ಬಂದು, ರಾಗಿ ಬಿತ್ತುವವಳ ಹಾಗೆ ಆ ಮೂಲೆಗೆ ಸಮವಾಗಿ ಎರಚಿದಳು. ಅದು ಅದೇ ಕಸವಲ್ಲವಲ್ಲ ಎಂದೆ. “ಮೇಲಿರೋನು ಕಸ ನೋಡ್ಕಂಡ್ ಕುಂತಿರಾಕಿಲ್ಲ ಕಣಮ್ಮಿ. ಅವನ್ಗೂ ಬ್ಯಾರೆ ಕೆಲ್ಸ ಐತೆ,” ಎಂದಳು. ಹಾಗಾದರೆ ಗುಡಿಸಿದರೆ ಏನಾಗುತ್ತದೆ ಎಂದು ಕೇಳಿದೆ. ಅಜ್ಜಿ ಮೊರವನ್ನು ಗೋಡೆಗೆ ಒರಗಿಸಿದಳು. “ಅವ್ನು ಅಲ್ಲಿ ಬೆಟ್ಟ ಅತ್ತಾವ್ನೆ. ಇಲ್ಲಿ ಕುಂತು ನಾನೇನ್ ಮಾಡಕ್ಕಾದದು, ನೀನೇ ಯೋಳು. ಇದೊಂದ್ ಮಾಡ್ತೀನಿ.” ಆಮೇಲೆ ಕೆಳಗೆ ಉಳಿದಿದ್ದ ಒಂದು ಕಡಲೆಯನ್ನು ಹೆಕ್ಕಿ, ಸೆರಗಿಗೆ ಒರೆಸಿ ನನ್ನ ಬಾಯಿಗೆ ಹಾಕಿದಳು.

ಯುದ್ಧ ಮುಗಿದು ತಿಂಗಳಾಗಿತ್ತು. ಆಗಲೂ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ನಂಜನಗೂಡಿನ ಬಸ್ಸಿನಿಂದ, ಎಡಗಾಲಿಗೆ ಆಸ್ಪತ್ರೆಯ ಪಟ್ಟಿ ಸುತ್ತಿಕೊಂಡು, ಕೋಲೂರಿಕೊಂಡು ಚಿಕ್ಕಪ್ಪನೇ ಇಳಿದ. ಹೊಸ್ತಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ, “ಇದೇನವ್ವ, ಬಾಂಬು ಇಲ್ಲಿಗೂ ಬಿತ್ತಾ?” ಎಂದ. ಅಜ್ಜಿ ಅವನ ಮುಖವನ್ನು ಎರಡೂ ಕೈಯಲ್ಲಿ ಸವರಿ, ಪೊರಕೆ ಎತ್ತಿಕೋ ಎಂದು ಅವ್ವನಿಗೆ ಕೈಸನ್ನೆ ಮಾಡಿದಳು. ಮನೆ ಗುಡಿಸಲು ಇಬ್ಬರಿಗೆ ಒಂದೂವರೆ ದಿನ ಹಿಡಿಯಿತು. ಊರಿನವರು ಯುದ್ಧದ ಕಥೆ ಕೇಳಲು ಜಗಲಿಯಲ್ಲಿ ಸೇರಿದರು. ಮೂರು ದಿನ ಮಂಜುಗಡ್ಡೆ ನೆಕ್ಕಿಕೊಂಡು ಬಂಡೆ ಹತ್ತಿದೆವು, ನನ್ನ ಮುಂದಿದ್ದವನು ಇಳಿಯಲಿಲ್ಲ, ಚಳಿ ಬಹಳ, ಎಂದು ಚಿಕ್ಕಪ್ಪ ಹೇಳಿದ. ಅಷ್ಟೇ. ಜನ ಕಾಫಿ ಕುಡಿದು ಸ್ವಲ್ಪ ನಿರಾಶೆಯಿಂದಲೇ ಎದ್ದರು.

ಅಜ್ಜಿ ಹೋಗಿ ಹದಿನಾಲ್ಕು ವರ್ಷವಾಯಿತು. ತೊಟ್ಟಿಮನೆಯನ್ನು ಕೆಡವಿ, ಆ ಜಾಗದಲ್ಲಿ ನನ್ನ ತಮ್ಮ ಹಸುಗಳಿಗೆ ಶೆಡ್ ಕಟ್ಟಿಸಿದ್ದಾನೆ. ಚಿಕ್ಕಪ್ಪ ಇನ್ನೂ ಆರು ವರ್ಷ ಸೇವೆ ಮಾಡಿ, ಹವಾಲ್ದಾರನಾಗಿ ನಿವೃತ್ತನಾಗಿ, ಟಿ. ನರಸೀಪುರದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾನೆ. ಎಡಗಾಲಿನಲ್ಲಿ ಅವನಿಗೆ ಮೂರು ಬೆರಳಿವೆ.