ಡಬ್ಬಿಯಲ್ಲಿದ್ದದ್ದು ಬರೀ ಉಗುಳು

ಕೆಮ್ಮು ಶುರುವಾದಾಗ ಯಾರೂ ಅದನ್ನು ರೋಗವೆನ್ನಲಿಲ್ಲ. ಬೆಟಗೇರಿಯಲ್ಲಿ ನಮ್ಮದು ನೇಕಾರರ ಮನೆ. ನೂಲಿನ ಧೂಳು ಇದ್ದದ್ದೇ. ಅತ್ತೆಯೂ ಕೆಮ್ಮುತ್ತಲೇ ಸೀರೆ ನೇಯುತ್ತಿದ್ದರು. ನನಗೆ ಸಂಜೆ ಜ್ವರ ಬರತೊಡಗಿತು. ಕುಪ್ಪಸ ಸಡಿಲವಾಯಿತು. ಇನ್ನೂ ಹಾಲು ಬಿಡದ ಮಗಳು ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು. ನನಗಿದ್ದ ಹೆದರಿಕೆ ಅವಳದೇ.

ಆಸ್ಪತ್ರೆಯಲ್ಲಿ ಸಣ್ಣ ಡಬ್ಬಿ ಕೊಟ್ಟು, "ಕಫ ಹಾಕಿ ಕೊಡ್ರಿ" ಎಂದರು. ಮತ್ತೇನೂ ಹೇಳಲಿಲ್ಲ; ಹಿಂದೆ ಸರದಿ ಸಾಲು ಉದ್ದವಿತ್ತು. ಸುತ್ತ ಗಂಡಸರು. ಪಕ್ಕದಲ್ಲಿ ಅತ್ತೆ. ಸೊಸೆಯಾದವಳು ಹಿರಿಯರೆದುರು ಖ್ಯಾಕರಿಸಬಾರದೆಂದು ಕಲಿಸಿದವರು ಅವರೇ. ಸೆರಗು ಅಡ್ಡ ಹಿಡಿದು, ಸದ್ದಾಗದಂತೆ ಉಗುಳಿದೆ. ಮರ್ಯಾದಸ್ಥರ ಉಗುಳು.

ರಿಪೋರ್ಟ್ ನೆಗೆಟಿವ್ ಬಂತು. ಮನೆಯವರೆಲ್ಲ ನಿರಾಳವಾದರು. ನಾನು ಮಗಳನ್ನು ಇನ್ನಷ್ಟು ಅವಚಿಕೊಂಡು ಮಲಗಿದೆ.

ಒಂದು ಬೆಳಿಗ್ಗೆ ಸೆರಗಿನಲ್ಲಿ ರಕ್ತ ಕಂಡಿತು.

ಮತ್ತೆ ಆಸ್ಪತ್ರೆ, ಮತ್ತೆ ಡಬ್ಬಿ. ಈ ಸಲ ಲ್ಯಾಬಿನ ಹುಡುಗಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಕ್ಕಾರ, ಇದು ಬರೇ ಉಗುಳ್ರಿ. ಎದಿಯೊಳಗಿನ ಕಫ ಬೇಕು. ಹೊರಗ ಗಿಡದ ಕೆಳಗ ಹೋಗಿ ಜೋರಾಗಿ ಖ್ಯಾಕರಿಸ್ರಿ."

ಹೊರಗೆ ಹೋಗಿ, ಜೊತೆಗೆ ಬಂದಿದ್ದ ಅತ್ತೆಯ ಮುಖ ನೋಡಿದೆ.

"ನನ್ನ ಮಾರಿ ಏನ್ ನೋಡ್ತಿ? ನಾಚಕೋತ ನಿಂತ್ರ ಕೂಸಿನ ಗತಿ ಏನು? ಹಿಂಗ ಮಾಡು," ಎಂದು ಅತ್ತೆ ತಾವೇ ಖ್ಯಾಕರಿಸಿ ತೋರಿಸಿದರು. ಅವರ ಕೆಮ್ಮು ನಿಲ್ಲಲೇ ಇಲ್ಲ. ಸದ್ದು ಕೇಳಿ ಲ್ಯಾಬಿನ ಹುಡುಗಿ ಹೊರಗೆ ಬಂದಳು.

"ಯಮ್ಮಾ, ನೀವೂ ಒಂದು ಡಬ್ಬಿ ಕೊಡ್ರಿ."

ಇಬ್ಬರಿಗೂ ಟಿಬಿ.

"ನನ್ನಿಂದನ ಬಂದೈತಿ ಇದು," ಎಂದು ಅತ್ತೆ ಅತ್ತರು.

"ಅದನ್ನ ಹುಡುಕಿ ಏನ್ ಮಾಡ್ತೀರಿ? ಗುಳಿಗಿ ತಪ್ಪಸಬ್ಯಾಡ್ರಿ, ಅಷ್ಟ," ಎಂದರು ಡಾಕ್ಟರ್.

ನನಗೆ ಸಿಟ್ಟು ಬಂದದ್ದು ನಿಜ. ಅತ್ತೆಯ ಮೇಲೋ, ಮೊದಲ ದಿನವೇ ಎರಡು ಮಾತು ಬಿಡಿಸಿ ಹೇಳದ ಆಸ್ಪತ್ರೆಯ ಮೇಲೋ ತಿಳಿಯಲಿಲ್ಲ. ಬಡವರ ಆಸ್ಪತ್ರೆಯಲ್ಲಿ ಯಂತ್ರ ಕಡಿಮೆ ಇರುತ್ತದೆಂದು ಗೊತ್ತಿತ್ತು. ಒಂದು ಮಾತಿನ ಕೊರತೆಯೂ ಇಷ್ಟು ದೂರ ತರುತ್ತದೆಂದು ಗೊತ್ತಿರಲಿಲ್ಲ.

ಅಷ್ಟು ಸಣ್ಣ ಮಗಳಿಗೆ ಕಫ ತೆಗೆಯಲು ಬರುವುದಿಲ್ಲ. ತೂಕ ನೋಡಿದರು, ಎಕ್ಸ್‌ರೇ ತೆಗೆದರು. ಅವಳಿಗೆ ರೋಗ ತಗುಲಿರಲಿಲ್ಲ. ಮುಂದೆ ಬಾರದಿರಲೆಂದು ಮಾತ್ರೆ ಕೊಟ್ಟರು. ಅವಳು ಅಪ್ಪನ ಬಳಿ ಮಲಗತೊಡಗಿದಳು. ಅತ್ತೆ ಸೊಸೆ ಬೇರೆ ಕೋಣೆಯಲ್ಲಿ. ಗೋಡೆಯಾಚೆ ಅವಳು ಅತ್ತಾಗ ಇಬ್ಬರೂ ಎದ್ದು ಕೂರುತ್ತಿದ್ದೆವು.

ಈಗ ಚಿಕಿತ್ಸೆ ಮುಗಿದಿದೆ. ಕೊನೆಯ ಪರೀಕ್ಷೆಯಲ್ಲಿ ಇಬ್ಬರದೂ ನೆಗೆಟಿವ್. ಕೊಟ್ಟದ್ದು ಕಫವೇ ತಾನೇ ಎಂದು ಈ ಸಲ ನಾನೇ ಕೇಳಿ ಬಂದೆ.

ಆ ದಿನ ಹಾಸಿಗೆ ಹಾಸಿ ಮಗಳನ್ನು ಕರೆದೆ. ಅವಳು ನನ್ನನ್ನೊಮ್ಮೆ ನೋಡಿ, ಅಪ್ಪನ ಮಗ್ಗುಲಿಗೆ ಹೋಗಿ ಮಲಗಿದಳು. ಇರಲಿ. ಅವಳು ಉಸಿರಾಡುವುದು ನನಗೆ ಕೇಳುತ್ತಿತ್ತು, ಅಡೆತಡೆಯಿಲ್ಲದೆ.